ಪುಟ್ಟಿಯ ಬೆನ್ನಿನ ವಿಚಾರವಾಗಿ ಅಕ್ಕನಿಗೆ

ಬರ್ಮಿಂಗ್‌ಹ್ಯಾಮ್

ಪ್ರೀತಿಯ ಅಕ್ಕನಿಗೆ,

ಪುಟ್ಟಿಯ ಎಕ್ಸ್‌ರೇ ನೋಡಿದೆ. ಕಾಬ್ ಕೋನ, ಅಂದರೆ ಬೆನ್ನೆಲುಬು ಪಕ್ಕಕ್ಕೆ ಎಷ್ಟು ಬಾಗಿದೆ ಎಂಬ ಅಳತೆ, 32 ಡಿಗ್ರಿ. 10 ಮುಟ್ಟಿದರೆ ಸ್ಕೋಲಿಯೋಸಿಸ್ ಅನ್ನುತ್ತಾರೆ. 25ರಿಂದ 40ರೊಳಗಿದ್ದು ಮಗು ಇನ್ನೂ ಬೆಳೆಯುತ್ತಿದ್ದರೆ ಬ್ರೇಸ್ (ಮೈಗೆ ಬಿಗಿಯುವ ಪ್ಲಾಸ್ಟಿಕ್ ಕವಚ), 50ರ ಹತ್ತಿರ ಹೋದರೆ ಆಪರೇಷನ್ ಮಾತು. ಹಾಸನದ ಡಾಕ್ಟರು ಬ್ರೇಸ್ ಬರೆದದ್ದು ಸರಿಯಾಗಿಯೇ ಇದೆ.

ಇದು ಸ್ಕೂಲ್ ಬ್ಯಾಗಿನ ಭಾರಕ್ಕೆ ಬಂದದ್ದಲ್ಲ, ಬಗ್ಗಿ ಕೂತು ಓದಿದ್ದಕ್ಕೂ ಅಲ್ಲ. ನೀನು ಬಸುರಿಯಾಗಿದ್ದಾಗ ಏನೋ ತಿಂದದ್ದಕ್ಕಂತೂ ಅಲ್ಲವೇ ಅಲ್ಲ, ನಿಮ್ಮತ್ತೆಯವರು ಏನೇ ಅನ್ನಲಿ. ಈ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹುತೇಕ ಕಾರಣವೇ ಸಿಗುವುದಿಲ್ಲ. ಬೇಲೂರಿನ ಮದನಿಕೆಯ ಬಳುಕು ನಿಂತ ಭಂಗಿ, ಮನಸ್ಸು ಮಾಡಿದರೆ ನೆಟ್ಟಗಾಗುವಂಥದ್ದು. ಪುಟ್ಟಿಯ ಮೂಳೆಗಳು ಪಕ್ಕಕ್ಕೆ ಬಾಗಿರುವುದಲ್ಲದೆ ತಿರುಚಿಕೊಂಡೂ ಇವೆ. ಪಾದ, ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಲು ಹೇಳಿ ಹಿಂದೆ ನಿಂತು ನೋಡು, ಒಂದು ಕಡೆಯ ಪಕ್ಕೆಲುಬು ಉಬ್ಬಿ ಕಾಣುತ್ತದೆ. ಅದಕ್ಕೇ "ನೆಟ್ಟಗೆ ಕೂರು" ಎಂದು ಗದರಬೇಡಿ. ಎಣ್ಣೆ ಹಚ್ಚಿ ತಿಕ್ಕಿಸಿದರೆ ನೋವು ಒಂದಿಷ್ಟು ಇಳಿದೀತು, ಬಾಗು ಇಳಿಯದು. ಬೆನ್ನು ಹಿಡಿದು ನಟಿಕೆ ತೆಗೆಯುವವರ ಹತ್ತಿರ ಕರೆದೊಯ್ಯಲೇಬೇಡಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅನ್ನುತ್ತೇವಲ್ಲ, ಬ್ರೇಸಿನ ಲೆಕ್ಕವೂ ಅದೇ. ಎಲುಬು ಬೆಳೆಯುವಷ್ಟು ದಿನ ಮಾತ್ರ ಅದರ ಕೆಲಸ. ಇರುವ ಬಾಗನ್ನು ಪೂರ್ತಿ ನೆಟ್ಟಗೆ ಮಾಡುವುದಲ್ಲ, ಹೆಚ್ಚದಂತೆ ಹಿಡಿಯುವುದು. ಅಮೆರಿಕ, ಕೆನಡಾಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರೇಸ್ ತೊಟ್ಟವರಲ್ಲಿ ಶೇ. 72 ಮಕ್ಕಳ ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು, ತೊಡದವರಲ್ಲಿ ಶೇ. 48. ದಿನಕ್ಕೆ ಸುಮಾರು 13 ಗಂಟೆ ದಾಟಿ ತೊಟ್ಟವರಲ್ಲಿ ಶೇ. 90ಕ್ಕೂ ಮೇಲೆ. ಡಾಕ್ಟರು 18 ಗಂಟೆ ಹೇಳಿದ್ದಾರೆಂದರೆ ಗಂಟೆಯೇ ಔಷಧಿ ಅಂದುಕೋ. ಕ್ಯಾಲೆಂಡರಿನಲ್ಲಿ ಅವಳೇ ಬರೆದಿಡಲಿ.

ಮೊದಲ ದಿನವೇ 18 ಗಂಟೆ ಹಾಕಿಸಬೇಡ. ಎರಡು ಗಂಟೆಯಿಂದ ಶುರುಮಾಡಿ ಒಂದೆರಡು ವಾರದಲ್ಲಿ ಏರಿಸು. ಒಳಗೆ ಹೊಲಿಗೆಯಿಲ್ಲದ ಬಿಗಿ ಹತ್ತಿ ಬನಿಯನ್ ಬೇಕು, ಕೆಳಗಿನಿಂದ ಎಳೆದು ಸುಕ್ಕು ತೆಗೆ. ಒಂದೇ ಒಂದು ಮಡಿಕೆ ಉಳಿದರೂ ಸಂಜೆಗೆ ಚರ್ಮದಲ್ಲಿ ಗೀರು ಬೀಳುತ್ತದೆ. ಮಲಗಿಸಿ ಪಟ್ಟಿ ಬಿಗಿ, ನಿಲ್ಲಿಸಿ ಬಿಗಿದರೆ ಮೇಲಕ್ಕೆ ಸರಿದು ಕಂಕುಳು ಚುಚ್ಚುತ್ತದೆ. ಪಟ್ಟಿ ಎಲ್ಲಿವರೆಗೆ ಬರಬೇಕೋ ಅಲ್ಲಿ ಪೆನ್ನಿನಿಂದ ಗೆರೆ ಹಾಕು. ಬಿಚ್ಚಿದಾಗ ಚರ್ಮ ಕೆಂಪಾಗಿದ್ದರೆ ಹೆದರಬೇಡ, ಅರ್ಧ ಗಂಟೆಯಲ್ಲಿ ಮಾಸಬೇಕು. ಮಾಸದಿದ್ದರೆ, ಗುಳ್ಳೆ ಬಂದರೆ, ಬ್ರೇಸ್ ಮಾಡಿದವರ ಹತ್ತಿರ ಹೋಗಿ ಆ ಜಾಗ ಸರಿಮಾಡಿಸು, ಮನೆಯಲ್ಲಿ ಸ್ಪಂಜು ತುರುಕಬೇಡ. ಒಳಗೆ ಕೊಬ್ಬರಿ ಎಣ್ಣೆ, ಪೌಡರು ಬೇಡ, ಚರ್ಮ ಮೆತ್ತಗಾಗಿ ಕಿತ್ತುಬರುತ್ತದೆ. ತೊಳೆದದ್ದನ್ನು ನೆರಳಲ್ಲಿ ಒಣಗಿಸು, ಬಿಸಿಲಿಗೆ ಪ್ಲಾಸ್ಟಿಕ್ ಸೊಟ್ಟಗಾದೀತು. ಮುದ್ದೆ ಒಂದೇ ಸಲ ಹೊಟ್ಟೆ ತುಂಬ ಉಂಡರೆ ಉಸಿರು ಕಟ್ಟುತ್ತದೆ, ಅರ್ಧರ್ಧ ಮಾಡಿ ಎರಡು ಸಲ ಬಡಿಸು. ನೆಲದ ಮೇಲೆ ಕೂತರೆ ಅಂಚು ತೊಡೆ ಒತ್ತುತ್ತದೆ, ಕುರ್ಚಿ ಕೊಡು. ಆಟಕ್ಕೆ ಬಿಚ್ಚಬಹುದು. ಆಟ ಮಾತ್ರ ಬಿಡಿಸಬೇಡ.

ಎಕ್ಸ್‌ರೇ ನಿಂತೇ ತೆಗೆಸಬೇಕು. ಬ್ರೇಸ್ ತೊಟ್ಟು ತೆಗೆದದ್ದರಲ್ಲಿ 32 ಅರ್ಧದ ಹತ್ತಿರಕ್ಕೆ ಇಳಿದಿದ್ದರೆ ಬ್ರೇಸ್ ಚೆನ್ನಾಗಿ ಕೂತಿದೆ ಎಂದರ್ಥ. ಬ್ರೇಸಿಲ್ಲದೆ ತೆಗೆದದ್ದು ಮುಂದಿನ ಸಲ 35 ಬಂದರೆ ಅಳಬೇಡ, ಅಳೆಯುವುದರಲ್ಲೇ ಐದು ಡಿಗ್ರಿ ಹೆಚ್ಚುಕಮ್ಮಿ ಇರುತ್ತದೆ. ಕಾಲು ಜೋಮು, ಬಲ ಕಮ್ಮಿ, ಮೂತ್ರ ತಡೆಯಲಾಗದಿರುವುದು, ಇವು ಕಂಡರೆ ಮಾತ್ರ ಮುಂದಿನ ತಾರೀಕು ಕಾಯದೆ ಅವತ್ತೇ ಹೋಗಬೇಕು.

ನನಗೆ ಹೆಚ್ಚು ಸಂಕಟ ಬೇರೆಯದು. ಯೂನಿಫಾರ್ಮ್ ಹಾಕಿದರೆ ಅವಳ ಬೆನ್ನು ಯಾರಿಗೂ ಕಾಣದು. ಉಚಿತ ಪ್ರಯಾಣ ಬಂದಮೇಲೆ ಹಾಸನದ ಬಸ್ಸಿನಲ್ಲಿ ಸೀಟು ಸಿಗುವುದೇ ಅಪರೂಪ, ಕೂತ ಹುಡುಗಿಯನ್ನು "ಏಳಮ್ಮಾ, ಚಿಕ್ಕವಳು" ಅಂದೇ ಅನ್ನುತ್ತಾರೆ. ಹಾಸನಾಂಬೆಯ ಸಾಲಿನಲ್ಲೂ ಅಷ್ಟೇ. ಇಲ್ಲಿ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಸೂರ್ಯಕಾಂತಿ ಚಿತ್ರವಿರುವ ಹಸಿರು ಕೊರಳಪಟ್ಟಿ ಶುರುಮಾಡಿದರು. ಹಾಕಿಕೊಂಡವರಿಗೆ ಕಾಣದ ತೊಂದರೆ ಇದೆ ಎಂದು ಸಿಬ್ಬಂದಿಗೆ ತಿಳಿಯುತ್ತದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧದ ಅಂಗವೈಕಲ್ಯಗಳಲ್ಲೂ ಹಿಮೋಫೀಲಿಯಾ, ತಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಗಳಂಥ ನೋಡಿದರೆ ಗೊತ್ತಾಗದವು ಇವೆ. ಮೀಸಲಾತಿಯಂಥ ಸವಲತ್ತಿಗೆ ಕನಿಷ್ಠ ಶೇ. 40 ಅಂಗವೈಕಲ್ಯ ಇರಬೇಕು. ಪುಟ್ಟಿಗೆ ಅಷ್ಟು ಬರುವುದು ಕಷ್ಟ, ಅದನ್ನು ನಂಬಿಕೊಂಡು ಕೂರಬೇಡಿ.

ಬದಲಿಗೆ ಡಾಕ್ಟರ ಚೀಟಿಯ ಜೆರಾಕ್ಸ್ ಲಗತ್ತಿಸಿ ಭಾವ ಹೆಡ್‌ಮಾಸ್ಟರಿಗೆ ಅರ್ಜಿ ಕೊಡಲಿ: ಪ್ರಾರ್ಥನೆಗೆ ಕುರ್ಚಿ, ಪಿರಿಯಡ್ಡಿಗೊಮ್ಮೆ ಎದ್ದು ನಿಲ್ಲಲು ಅನುಮತಿ, ಬ್ರೇಸ್ ಬಿಚ್ಚಿ ಹಾಕಲು ಬಾಗಿಲಿರುವ ಕೋಣೆ, ಶಾಲೆಯಲ್ಲೇ ಇಡಲು ಇನ್ನೊಂದು ಜೊತೆ ಪುಸ್ತಕ. ಬೆನ್ನು ನೋಯುತ್ತದೆ ಅಂದ ದಿನ ಅವಳ ಮಾತು ನಂಬು, ಕೆಲಸಗಳ್ಳಿ ಅನ್ನಬೇಡ.

ಪ್ರತಿ ತಿಂಗಳು ಒಂದನೇ ತಾರೀಕು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಬರೆದಿಡು. ಎತ್ತರ ಜೋರಾಗಿ ಏರುವ ತಿಂಗಳುಗಳಲ್ಲೇ ಬಾಗೂ ಏರುವುದು, ಆಗ ಒಂದು ಗಂಟೆಯನ್ನೂ ಬಿಡಬೇಡಿ. ಬ್ರೇಸ್ ಬಂದ ದಿನ ಪಟ್ಟಿ ಬಿಗಿದು ಮುಂದೆ, ಹಿಂದೆ, ಎರಡೂ ಪಕ್ಕದ ಫೋಟೋ ಕಳಿಸು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ