ದ್ರಾಕ್ಷಿ ತೋಟಕ್ಕೆ ಇಳಿಯುವ ಮೊದಲು ಮರಾಠಿ ಓದು

ವಿಜಯಪುರ

ಚಿರಂಜೀವಿಗೆ ಕಾಕಾನ ಆಶೀರ್ವಾದಗಳು.

ತಿಕೋಟಾದ ತೋಟ ನೀನೇ ನೋಡಿಕೊಳ್ಳುತ್ತೀ ಅಂತ ತಿಳಿದು ಸಂತೋಷವಾಯಿತು. ಆದರೆ "ಇಂಗ್ಲಿಷ್ ಬಂದರ ಸಾಕು ಕಾಕಾ, ಎಲ್ಲಾ ನೆಟ್ಟಿನಾಗ ಸಿಗತೈತಿ" ಅಂದೆಯಲ್ಲ, ಆ ಮಾತು ನಾನು ಒಪ್ಪುವುದಿಲ್ಲ.

ಅಂತರ್ಜಾಲದ ಪುಟಗಳಲ್ಲಿ ಹೆಚ್ಚುಕಡಿಮೆ ಅರ್ಧ ಇಂಗ್ಲಿಷಿನಲ್ಲೇ ಇವೆ, ನಿಜ. ಆದರೆ ಅಲ್ಲಿ ದ್ರಾಕ್ಷಿಯ ಬಗ್ಗೆ ಬರೆದವರಲ್ಲಿ ಬಹಳ ಮಂದಿ ಚಳಿದೇಶದವರು. ಅವರ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಆಗ ವರ್ಷಕ್ಕೊಮ್ಮೆ ಸವರುತ್ತಾರೆ. ನಮ್ಮ ಬಳ್ಳಿ ಮಲಗುವುದೇ ಇಲ್ಲ. ಏಪ್ರಿಲಿನಲ್ಲಿ ಕಡ್ಡಿ ಬೆಳೆಸಲಿಕ್ಕೆ ಒಂದು ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರಿನಲ್ಲಿ ಹಣ್ಣಿಗೆ ಇನ್ನೊಂದು. ಈ ಎರಡು ಚಾಟ್ನಿಯ ಲೆಕ್ಕ ಬಲ್ಲವರು ಮಹಾರಾಷ್ಟ್ರದ ಸಾಂಗಲಿ, ತಾಸಗಾಂವ, ಸೊಲ್ಲಾಪುರ, ನಾಶಿಕದ ರೈತರು. ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ 1997ರಿಂದ ಇರುವುದೂ ಪುಣೆ ಹತ್ತಿರದ ಮಾಂಜರಿಯಲ್ಲಿ. ಆ ಸೀಮೆಯಲ್ಲಿ ರೈತ ರೈತನಿಗೆ ಹೇಳುವುದೆಲ್ಲ ಮರಾಠಿಯಲ್ಲಿ.

ಯಂತ್ರ ಅನುವಾದ ಮಾಡಿಕೊಡುತ್ತದೆ ಅನ್ನಬೇಡ. ದ್ರಾಕ್ಷಿಗೆ ಬರುವ ಡೌನಿ (ಡೌನಿ ಮಿಲ್ಡ್ಯೂ) ರೋಗಕ್ಕೆ ಮರಾಠಿಯವರು ಕೇವಡಾ ಅನ್ನುತ್ತಾರೆ, ಬೂದಿರೋಗಕ್ಕೆ ಭುರಿ. ಕೇವಡಾ ಎಂದರೆ ಕೇದಿಗೆಯೂ ಹೌದು. ಯಂತ್ರ ಹೂವನ್ನೇ ಹಿಡಿದುಕೊಂಡೀತು, ಇಲ್ಲವೆ ಎರಡೂ ರೋಗಕ್ಕೆ ಒಂದೇ ಹೆಸರು ಕೊಟ್ಟೀತು. ಗಂಧಕ ಬೂದಿರೋಗಕ್ಕೆ ನಡೆಯುತ್ತದೆ, ಡೌನಿಗೆ ನಡೆಯುವುದಿಲ್ಲ. ಡೌನಿ ನಿಜವಾದ ಶಿಲೀಂಧ್ರವೇ ಅಲ್ಲ, ನೀರಿನಲ್ಲಿ ಈಜಿ ಎಲೆಯೊಳಗೆ ಹೊಗುವ ಬೇರೆಯೇ ಜೀವಿ. ಅಕ್ಟೋಬರ್ ಚಾಟ್ನಿಯಾಗಿ ಎಳೆ ಚಿಗುರು ಮಳೆಗೆ ತೊಯ್ದಾಗ ತಪ್ಪು ಔಷಧ ಹೊಡೆದೆಯೋ, ಗೊಂಚಲೇ ಕೈಬಿಟ್ಟು ಹೋಗುತ್ತದೆ.

ಶಾಲೆಯ ಹಿಂದಿಯಿಂದ ನಿನಗೆ ದೇವನಾಗರಿ ಬರುತ್ತದೆ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಮರಾಠಿಯ ಳ ನಮ್ಮದೇ. ಚಕಾರ ಮಾತ್ರ ಎರಡು: ಚಹಾದಲ್ಲಿ ನಮ್ಮಂತೆಯೇ, ಚಾಂಗಲಾದಲ್ಲಿ ನಾಲಿಗೆಯ ತುದಿ ಹಲ್ಲಿಗೆ ತಾಗಬೇಕು. ಕಷ್ಟ ಕೊಡುವುದು ಲಿಂಗ. ನಮ್ಮಲ್ಲಿ ಜೀವವಿಲ್ಲದ್ದೆಲ್ಲ "ಅದು". ಅಲ್ಲಿ ರೋಗ ಗಂಡು, ಫವಾರಣಿ (ಸಿಂಪಡಣೆ) ಹೆಣ್ಣು, ಔಷಧ ನಪುಂಸಕ. ಕ್ರಿಯಾಪದವೂ ಅದರಂತೆ ತಿರುಗುತ್ತದೆ: ರೋಗ ಆಲಾ (ಬಂತು), ಫವಾರಣೀ ಝಾಲೀ (ಆಯಿತು), ಔಷಧ ಸಂಪಲೇ (ಮುಗಿಯಿತು). ಯಾವ ಶಬ್ದವನ್ನೂ ಒಂಟಿಯಾಗಿ ಬಾಯಿಪಾಠ ಮಾಡಬೇಡ, ಹೀಗೆ ಕ್ರಿಯಾಪದದ ಜೋಡಿಯಲ್ಲೇ ಕಲಿ. ಮೊದಲು ಪೇಟೆ ಧಾರಣೆ ಓದು. ಅಂಕಿ ನಿನಗೆ ಗೊತ್ತಿರುವುದರಿಂದ ಶಬ್ದಗಳು ತಾವೇ ಬಿಡಿಸಿಕೊಳ್ಳುತ್ತವೆ. ನಮ್ಮ ಮಣೂಕವನ್ನು (ಒಣದ್ರಾಕ್ಷಿಯನ್ನು) ಅಲ್ಲಿ ಬೇದಾಣಾ ಅಂತ ಹುಡುಕು.

ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಮರಾಠಿ ಬರೆಯಬೇಡ, ಆ ಪುಟಗಳಿರುವುದು ದೇವನಾಗರಿಯಲ್ಲಿ. ಕಂಪ್ಯೂಟರಿನಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ಹಾಕಿಕೋ. ಕನ್ನಡದ ಕ ಇರುವ ಕೀಲಿಯಲ್ಲೇ ದೇವನಾಗರಿಯ ಕ ಇದೆ, ಶಿಫ್ಟ್ ಒತ್ತಿದರೆ ಎರಡರಲ್ಲೂ ಖ. ಸ್ವರ ಎಡಗೈಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ. ಕನ್ನಡಕ್ಕೆ ಬೆರಳು ಪಳಗಿತೆಂದರೆ ಮರಾಠಿಗೆ ಬೇರೆ ಕಲಿಯಬೇಕಾಗಿಲ್ಲ.

ಇನ್ನೊಂದು ಕೆಲಸ ತಪ್ಪಿಸಬೇಡ. ಓದಿದ್ದನ್ನು ಕನ್ನಡದಲ್ಲಿ ಬರೆದು ನೆಟ್ಟಿಗೆ ಹಾಕು, ರೋಗದ ಹೆಸರು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಇರಲಿ. ಯುನಿಕೋಡಿನಲ್ಲೇ ಬರೆ, ಹಳೆಯ ಫಾಂಟಿನಲ್ಲಿ ಬರೆದದ್ದು ಹುಡುಕಿದರೆ ಸಿಗುವುದಿಲ್ಲ, ಬೇರೆಯವರ ಮೊಬೈಲಿನಲ್ಲಿ ಬರೀ ಗೀಚು ಕಾಣುತ್ತದೆ. ತಿಕೋಟಾದಲ್ಲಿ ಇಂಗ್ಲಿಷೂ ಮರಾಠಿಯೂ ಬಾರದ ರೈತರು ಬಹಳ ಮಂದಿ ಇದ್ದಾರೆ, ಅವರೂ ಈಗ ಮೊಬೈಲಿನಲ್ಲೇ ಹುಡುಕುತ್ತಾರೆ. ಅಕ್ಟೋಬರ್ ಚಾಟ್ನಿಗೆ ಮೊದಲು ಡೌನಿಯ ಪುಟವೊಂದನ್ನಾದರೂ ಮುಗಿಸು.

ನಿನ್ನ ಕಾಕಾ