ವಸೂಲಿಗೆ ಕನ್ನಡದಲ್ಲಿ ಪರೀಕ್ಷೆ ಇದೆ, ಸಾಲ ಅಳೆಯುವುದಕ್ಕೆ ಏಕಿಲ್ಲ?

ಮಾನ್ಯ ಸಂಪಾದಕರೇ,

ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಇದು ಬೇಕೇ ಬೇಕಿತ್ತು. ಆದರೆ ಅಂದಿನಿಂದ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ನಡೆಯುವ ಮಾತೆಲ್ಲ ಮನೆ ಬಾಗಿಲಿಗೆ ಬಂದು ನಿಲ್ಲುವ ವಸೂಲಿಗಾರನ ಬಗ್ಗೆಯೇ. ಆ ಸಾಲವನ್ನು ಮಂಜೂರು ಮಾಡಿದವರಾರು, ಅವರಿಗೆ ಆ ಕೆಲಸದ ಓದು ಇತ್ತೇ ಎಂದು ಕೇಳುವವರು ಕಡಿಮೆ. ಸುಸ್ತಿಯಾದ ಕಡತ ತೆರೆದು ಕೂತರೆ ತಪ್ಪು ಮೊದಲು ಕಾಣುವುದು ಮಂಜೂರಾತಿ ಟಿಪ್ಪಣಿಯಲ್ಲೇ ಎಂಬುದು ಈ ಕೆಲಸ ಬಲ್ಲವರಿಗೆಲ್ಲ ಗೊತ್ತು.

ವಸೂಲಿ ಏಜೆಂಟರಿಗೆ ತರಬೇತಿ, ಪ್ರಮಾಣಪತ್ರ ಇರಬೇಕೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ನಡೆಸುವ ಡಿಆರ್‌ಎ (ಸಾಲ ವಸೂಲಿ ಏಜೆಂಟ್) ಪರೀಕ್ಷೆ ಅದಕ್ಕಾಗಿಯೇ ಇರುವುದು. ಪರೀಕ್ಷೆಗೆ ಮೊದಲು ಪದವೀಧರರಿಗೆ 50 ಗಂಟೆ, ಉಳಿದವರಿಗೆ 100 ಗಂಟೆ ತರಬೇತಿ ಆಗಬೇಕು. ಈ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಅದೇ ಸಂಸ್ಥೆ ಬ್ಯಾಂಕ್ ನೌಕರರಿಗೆ ನಡೆಸುವ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳನ್ನು ಮಾತ್ರ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲೇ ಬರೆಯಬೇಕು. ಅಂದರೆ ಬಾಕಿ ಕೇಳಲು ಹೋಗುವವನು ತನ್ನ ನುಡಿಯಲ್ಲಿ ಕಲಿಯಬಹುದು, ಎಷ್ಟು ಸಾಲ ಕೊಡಬೇಕೆಂದು ಲೆಕ್ಕ ಹಾಕುವವನಿಗೆ ಆ ಅವಕಾಶವಿಲ್ಲ. ನಮ್ಮ ತಕರಾರು ಇರುವುದು ಇಲ್ಲಿ.

ಬ್ಯಾಂಕುಗಳ ಮಟ್ಟಿಗೆ ನಿಯಮ ಇಲ್ಲದೇ ಇಲ್ಲ. 2016ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಖಜಾನೆ ವ್ಯವಹಾರ, ಅಪಾಯ ನಿರ್ವಹಣೆ, ಲೆಕ್ಕಪತ್ರ, ಸಾಲ ನಿರ್ವಹಣೆ ಎಂಬ 4 ವಿಭಾಗಗಳಲ್ಲಿ ಕೆಲಸ ಮಾಡುವವರಿಗೆ ಪ್ರಮಾಣಪತ್ರ ಬೇಕೆಂದಿತು. ಜಿ. ಗೋಪಾಲಕೃಷ್ಣ ಸಮಿತಿ 2014ರಲ್ಲಿ ಕೊಟ್ಟ ವರದಿ ಇದರ ಹಿಂದಿದೆ. ಸಾಲ ವಿಭಾಗದವರಿಗೆ ಸರ್ಟಿಫೈಡ್ ಕ್ರೆಡಿಟ್ ಪ್ರೊಫೆಷನಲ್ ಎಂಬ ಪ್ರತ್ಯೇಕ ಕೋರ್ಸೇ ಇದೆ. ಬ್ರಿಟನ್‌ನಲ್ಲಿ ಪತ್ತು ನಿರ್ವಹಣೆಗೇ ಮೀಸಲಾದ ವೃತ್ತಿ ಸಂಸ್ಥೆ 1939ರಿಂದ ನಡೆದುಬಂದಿದೆ. ಅಲ್ಲಿ ಉದ್ರಿ ಮಾರುವ ಕಂಪನಿಗಳ ಸಿಬ್ಬಂದಿಯೂ ಅದರ ಪರೀಕ್ಷೆ ಕಟ್ಟುತ್ತಾರೆ. ನಮ್ಮಲ್ಲಿ ಸೌಹಾರ್ದ ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯ ವ್ಯಾಪ್ತಿಗೇ ಬರುವುದಿಲ್ಲ. ಅಲ್ಲಿ ಬಿ.ಕಾಂ. ಮುಗಿಸಿ ಬಂದ ಹುಡುಗ ಕ್ಯಾಷ್ ಕೌಂಟರ್‌ನಲ್ಲಿ ಎರಡು ವರ್ಷ ಕೂತು, ಮೂರನೇ ವರ್ಷ ಸಾಲದ ಟಿಪ್ಪಣಿ ಬರೆಯುತ್ತಾನೆ. ರಾಜ್ಯ ಸಹಕಾರ ಮಹಾಮಂಡಲದ ಸಹಕಾರ ನಿರ್ವಹಣೆಯ ಡಿಪ್ಲೊಮಾ (ಡಿಸಿಎಂ) ಕನ್ನಡದಲ್ಲಿದೆ, ಒಳ್ಳೆಯದೂ ಹೌದು. ಆದರೆ ಸಹಕಾರ ಕಾಯ್ದೆ, ಲೆಕ್ಕ, ಆಡಳಿತಕ್ಕೆ ಅದು ಒದಗುವಷ್ಟು ಸಾಲದ ಅಳತೆಗೆ ಒದಗುವುದಿಲ್ಲ.

ಸಾಲದ ಅಳತೆ ಎಂದರೆ ಏನು ಎಂಬುದನ್ನು ಎರಡು ಉದಾಹರಣೆಗಳಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲನೆಯದು ಕಿರುಸಾಲ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವಿದು. 2022ರ ಮಾರ್ಚ್‌ನ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಈಗ ಲೆಕ್ಕ ನೋಡಿ. 4 ಎಕರೆ ಒಣಬೇಸಾಯದ ತೊಗರಿ, ಎಕರೆಗೆ 4 ಕ್ವಿಂಟಲ್ ಇಳುವರಿ ಎಂದಿಟ್ಟುಕೊಳ್ಳೋಣ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. 16 ಕ್ವಿಂಟಲಿಗೆ 1,28,000. ಎಕರೆಗೆ 15,000ದಂತೆ ಖರ್ಚು 60,000 ಕಳೆದರೆ ಉಳಿಯುವುದು 68,000. ಗಂಡ ಹೆಂಡತಿಯ ಕೂಲಿ ವರ್ಷಕ್ಕೆ 52,000. ಒಟ್ಟು 1,20,000, ತಿಂಗಳಿಗೆ 10,000. ಕಂತಿನ ಮಿತಿ 5,000.

ಹೆಂಡತಿಯ ಹೆಸರಲ್ಲಿ ಈಗಾಗಲೇ 2,400ರ ಕಂತು ನಡೆಯುತ್ತಿದೆ, ಹೊಸ ಸಾಲದ ಕಂತು 2,100. ಒಟ್ಟು 4,500. ಕಾಗದದ ಮೇಲೆ ಪಾಸು. ಇಲ್ಲಿ ಆಗುವ ಮೊದಲ ತಪ್ಪು, ಗಂಡನ ಕ್ರೆಡಿಟ್ ವರದಿಯನ್ನು ತೆಗೆದು ನೋಡದೇ ಇರುವುದು. ಅವನ ಬೈಕಿನ ಕಂತು 2,600 ಸೇರಿಸಿದರೆ 7,100 ಆಗುತ್ತದೆ, ಅರ್ಜಿ ಅಲ್ಲಿಗೇ ನಿಲ್ಲಬೇಕು. ಎರಡನೆಯದು ಇನ್ನೂ ದೊಡ್ಡ ತಪ್ಪು. ತೊಗರಿಯ 68,000 ಕೈಗೆ ಬರುವುದು ರಾಶಿ ಮುಗಿದ ಮೇಲೆ, ಜನವರಿ ಹೊತ್ತಿಗೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಮನೆ ನಡೆಯುವುದು ಕೂಲಿಯ ಮೇಲೆ, ಅಂದರೆ ತಿಂಗಳಿಗೆ ಸುಮಾರು 4,300ರ ಮೇಲೆ. ಬೈಕಿನ ಸಾಲ ಇಲ್ಲದಿದ್ದರೂ 4,500ರ ಕಂತು ಆ ತಿಂಗಳುಗಳಲ್ಲಿ ಕಟ್ಟಲಾಗದು. ಮತ್ತೊಂದು ಕಂಪನಿಯಿಂದ ಸಾಲ ತಂದು ಇದಕ್ಕೆ ತುಂಬುತ್ತಾರೆ, ಸರಪಳಿ ಬೆಳೆಯುತ್ತದೆ. ಸಾಲಗಾರರ ಅನುಕೂಲ ನೋಡಿ ಕಂತಿನ ಅವಧಿ ಹೊಂದಿಸಲು ನೀತಿ ಇರಬೇಕೆಂದು ಅದೇ ನಿರ್ದೇಶನ ಹೇಳಿದೆ. ಕಲಿತ ಅಧಿಕಾರಿ ಮಳೆಗಾಲದಲ್ಲಿ ಬಡ್ಡಿಯಷ್ಟೇ ಇಟ್ಟು, ಅಸಲನ್ನು ಸುಗ್ಗಿಗೆ ಕಟ್ಟುವಂತೆ ಬರೆದಾನು. ಕಲಿಯದವನು ಕಂಪ್ಯೂಟರ್ ತೋರಿಸಿದ ವಾರದ ಕಂತನ್ನೇ ಒಪ್ಪುತ್ತಾನೆ.

ಎರಡನೆಯದು ದಾಲ್ ಮಿಲ್. ಕಲಬುರಗಿಯಲ್ಲಿ ಸಾಲದ ಅಧಿಕಾರಿಯಾದವನು ಇದನ್ನು ಬಲ್ಲದೆ ಒಂದು ದಿನವೂ ಕೆಲಸ ಮಾಡಲಾರ. ವರ್ಷಕ್ಕೆ 4 ಕೋಟಿ ವಹಿವಾಟು ಎಂದು ಅಂದಾಜಿಸಿದ ಮಿಲ್ಲಿಗೆ ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿಯ ಸೂತ್ರದಂತೆ ದುಡಿಮೆ ಬಂಡವಾಳ (ದಿನದ ವಹಿವಾಟು ನಡೆಸಲು ಬೇಕಾದ ಹಣ) ಶೇ 25, ಅಂದರೆ 1 ಕೋಟಿ. ಅದರಲ್ಲಿ ಬ್ಯಾಂಕಿನ ಪಾಲು 80 ಲಕ್ಷ, ಮಾಲೀಕರದು 20 ಲಕ್ಷ. ಈ ಗುಣಾಕಾರ ಯಾರಿಗಾದರೂ ಬರುತ್ತದೆ. ಪೆಟ್ಟು ಬೀಳುವುದು, ಎಷ್ಟು ಹಣ ಎತ್ತಬಹುದೆಂದು ಲೆಕ್ಕ ಹಾಕಲು ಮಿಲ್ಲಿನವರು ಕೊಡುವ ತಿಂಗಳ ಸ್ಟಾಕ್ ಪಟ್ಟಿಯಲ್ಲಿ.

ದಾಸ್ತಾನು 60 ಲಕ್ಷ, ಬರಬೇಕಾದ ಬಾಕಿ 20 ಲಕ್ಷ ಎಂದು ಪಟ್ಟಿ ಬಂತು ಅನ್ನಿ. ಅಷ್ಟನ್ನೂ ಕೂಡಿಸಿ 80 ಲಕ್ಷಕ್ಕೆ ಕಾಲು ಭಾಗ ಕಳೆದು 60 ಲಕ್ಷ ಎತ್ತಬಹುದು ಎಂದು ಬರೆಯುವವರಿದ್ದಾರೆ. ಸರಿಯಾದ ಲೆಕ್ಕ ಬೇರೆ. ಅಡತಿ ಅಂಗಡಿಗೆ ಇನ್ನೂ ಕೊಡದ ಹಣ 15 ಲಕ್ಷವಿದ್ದರೆ ಅಷ್ಟು ಮಾಲು ಮಿಲ್ಲಿನವರ ದುಡ್ಡಿನದಲ್ಲ. ಉಳಿದ 45 ಲಕ್ಷಕ್ಕೆ ಶೇ 25 ಮಾರ್ಜಿನ್ (ಮಾಲೀಕರೇ ಹಾಕಬೇಕಾದ ಪಾಲು) ಕಳೆದರೆ 33.75 ಲಕ್ಷ. ಬರಬೇಕಾದ 20 ಲಕ್ಷದಲ್ಲಿ 90 ದಿನ ದಾಟಿದ್ದು 6 ಲಕ್ಷವಿದ್ದರೆ ಅದನ್ನು ಕೈಬಿಡಬೇಕು. ಉಳಿದ 14 ಲಕ್ಷಕ್ಕೆ ಶೇ 40 ಮಾರ್ಜಿನ್ ಹಿಡಿದರೆ 8.40 ಲಕ್ಷ. ಒಟ್ಟು 42.15 ಲಕ್ಷ. ಎರಡು ಲೆಕ್ಕಗಳ ನಡುವಿನ 17.85 ಲಕ್ಷ ಆಧಾರವೇ ಇಲ್ಲದೆ ಹೊರಗೆ ಹೋದ ಠೇವಣಿದಾರರ ಹಣ.

ಗೋದಾಮಿಗೆ ಹೋದಾಗ ಬಾಗಿಲಲ್ಲಿ ನಿಂತು ನೋಡಿ ಬರುವುದು ತಪಾಸಣೆಯಲ್ಲ. ಅಗಲಕ್ಕೆ 12, ಉದ್ದಕ್ಕೆ 8, ಎತ್ತರಕ್ಕೆ 10 ಚೀಲದ ನಿಟ್ಟು ಎಂದರೆ 960 ಚೀಲ. 50 ಕಿಲೋದಂತೆ 480 ಕ್ವಿಂಟಲ್, 8,000ದ ದರದಲ್ಲಿ 38.4 ಲಕ್ಷ. ನಿಟ್ಟಿನ ಮೇಲೆ ಹತ್ತಿ ನೋಡಬೇಕು. ಹೊರಸಾಲು ಮಾತ್ರ ಕಟ್ಟಿ ನಡುವೆ ಖಾಲಿ ಬಿಟ್ಟಿರುವುದು, ಒಳಗೆ ಹೊಟ್ಟಿನ ಚೀಲ ಇಟ್ಟಿರುವುದು ಕೆಳಗೆ ನಿಂತವರಿಗೆ ಕಾಣದು. ಆಮೇಲೆ ತಾಳೆ ನೋಡಬೇಕು: ಒಂದು ಕ್ವಿಂಟಲ್ ತೊಗರಿಗೆ ಸುಮಾರು 70ರಿಂದ 75 ಕಿಲೋ ಬೇಳೆ ಇಳಿಯುತ್ತದೆ. ಎಪಿಎಂಸಿ ಖರೀದಿ, ಜಿಎಸ್‌ಟಿ ಲೆಕ್ಕದ ಮಾರಾಟ, ಮಿಲ್ಲಿನ ಕರೆಂಟ್ ಬಿಲ್ಲು, ಈ ಮೂರೂ ಆ ಅಂದಾಜಿಗೆ ಹೊಂದದಿದ್ದರೆ ಪಟ್ಟಿ ಸುಳ್ಳು. ಅದೇ ಚೀಲಗಳನ್ನು ಉಗ್ರಾಣದ ರಸೀದಿ ಮೇಲೆ ಬೇರೆ ಬ್ಯಾಂಕಿಗೆ ಒತ್ತೆ ಇಟ್ಟಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ಬೀದರ್ ಕಡೆ ಬೇರೊಂದು ತೊಂದರೆ. ಕಿಸಾನ್ ಕಾರ್ಡ್ ನವೀಕರಿಸುವಾಗ ಹಿಂದಿನ ವರ್ಷದ ಬೆಳೆಯ ಹೆಸರನ್ನೇ ಹಾಗೆ ಉಳಿಸಿಬಿಡುತ್ತಾರೆ. ರೈತ ಬಿತ್ತಿದ್ದು ಸೋಯಾ, ಬ್ಯಾಂಕಿನಲ್ಲಿ ವಿಮೆ ಕಟ್ಟಿದ್ದು ತೊಗರಿಗೆ. ಬೆಳೆ ಸಮೀಕ್ಷೆಯಲ್ಲಿ ಸೋಯಾ ದಾಖಲಾದ ಮೇಲೆ ಪರಿಹಾರದ ಅರ್ಜಿ ತಿರಸ್ಕೃತವಾಗುತ್ತದೆ. ಮುಂಗಾರು ಬೆಳೆಗೆ ರೈತನ ಪಾಲಿನ ಶೇ 2ರ ಪ್ರೀಮಿಯಂ ಹೋಗಿದ್ದೇ ಬಂತು. ವಿಮೆಯ ಕೊನೆ ದಿನಕ್ಕೆ ಮುನ್ನ ಒಂದು ಫೋನ್ ಮಾಡಿ ಬೆಳೆ ಕೇಳಿದ್ದರೆ ಮುಗಿಯುತ್ತಿತ್ತು. ಯಾದಗಿರಿಯ ನಾರಾಯಣಪುರ ಕಾಲುವೆ ಸೀಮೆಯಲ್ಲಿ ಎರಡು ಬೆಳೆ ಭತ್ತ ಎಂದು ಹಿಡಿದು ಸಾಲ ಬರೆಯುತ್ತಾರೆ. ಎರಡನೇ ಬೆಳೆಗೆ ನೀರು ಬಿಡುವುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ, ಜಲಾಶಯ ತುಂಬದ ವರ್ಷ ಅದು ಬರುವುದಿಲ್ಲ.

ಜಮೀನಿನ ಆಧಾರದ ಬಗ್ಗೆಯೂ ಅಜ್ಞಾನ ದುಬಾರಿ. ಮಿಲ್ಲಿನ ಸಾಲಕ್ಕೆ ಹೊಲ ಬರೆಸಿಕೊಂಡು, ಸುಸ್ತಿಯಾದರೆ 60 ದಿನದ ನೋಟಿಸ್ ಕೊಟ್ಟು ಹರಾಜು ಹಾಕಬಹುದು ಎಂದು ನಂಬುವವರಿದ್ದಾರೆ. ಹಾಗೆ ಹರಾಜು ಹಾಕುವ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನು, ಅಂಥ ಜಮೀನಿನ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆಯಡಿ ಬರುತ್ತದೆ. ಪಹಣಿಯ ಇಂದಿನ ಹೆಸರಷ್ಟೇ ನೋಡಿದರೆ ಇದು ತಿಳಿಯದು, ಹಳೆಯ ಮ್ಯುಟೇಶನ್‌ವರೆಗೆ ಹಿಂದೆ ಹೋಗಬೇಕು.

ಇಷ್ಟನ್ನೂ ಇಂಗ್ಲಿಷ್ ಪುಸ್ತಕದ ಬಹು ಆಯ್ಕೆ ಪ್ರಶ್ನೆಗಳಿಂದ ಕಲಿಸಲಾಗದು ಎಂಬುದು ನಿಜ. ಹಳೆಯ ಪ್ರಶ್ನೆಗಳನ್ನು ಉರು ಹೊಡೆದು ಪಾಸಾಗುವವರೂ ಇದ್ದಾರೆ. ಜೆಎಐಐಬಿಯ ಲೆಕ್ಕಪತ್ರ ಪತ್ರಿಕೆ, ಸಿಎಐಐಬಿಯ ಬ್ಯಾಂಕಿಂಗ್ ಕಾನೂನು ಪತ್ರಿಕೆ ಗಟ್ಟಿ ತಳಪಾಯ ಹಾಕಿಕೊಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಪರೀಕ್ಷೆಗಳು ಸಂಸ್ಥೆಯ ಸದಸ್ಯರಾದ ಬ್ಯಾಂಕ್ ನೌಕರರಿಗೆ. ಕಮಲಾಪುರದಲ್ಲೋ ಭಾಲ್ಕಿಯಲ್ಲೋ ಪತ್ತಿನ ಸಂಘದಲ್ಲಿ ಕೂತವನಿಗೆ ಆ ಬಾಗಿಲು ತೆರೆದಿಲ್ಲ.

ಆದ್ದರಿಂದ ನಾವು ಕೇಳುವುದು ಹೀಗಿದೆ. ಸಹಕಾರ ಇಲಾಖೆ ಮತ್ತು ನಬಾರ್ಡ್ ಸೇರಿ ಕನ್ನಡದಲ್ಲಿ ಆರು ತಿಂಗಳ ಸಾಲ ನಿರ್ವಹಣಾ ಪ್ರಮಾಣಪತ್ರ ರೂಪಿಸಲಿ. ಗುಲಬರ್ಗಾ ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗಕ್ಕೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಪಾಠ ಹೇಳುವ ಶಕ್ತಿ ಇದೆ. ಕೃಷಿ ಸಾಲ, ಕಿರುಸಾಲ, ಮಿಲ್ ಸಾಲ, ಭೂದಾಖಲೆ, ವಸೂಲಿಯ ಕಾನೂನು ಎಂಬ 5 ಪತ್ರಿಕೆ ಸಾಕು. ಅರ್ಧ ಅಂಕ ಕ್ಷೇತ್ರಕಾರ್ಯಕ್ಕಿರಲಿ: ಒಂದು ಗೋದಾಮು ಎಣಿಸಿ ಬರಬೇಕು, ಒಂದು ಕುಟುಂಬದ 12 ತಿಂಗಳ ಆದಾಯ ಖರ್ಚು ಬರೆದು ತರಬೇಕು, ಒಂದು ಸರ್ವೆ ನಂಬರಿನ 30 ವರ್ಷದ ಹಕ್ಕಿನ ಇತಿಹಾಸ ಬಿಡಿಸಬೇಕು. ಈಗ ಕೆಲಸದಲ್ಲಿರುವವರನ್ನು ತೆಗೆಯುವ ಮಾತೇ ಬೇಡ, 3 ವರ್ಷ ಅವಧಿ ಕೊಡಿ. ಶುಲ್ಕವನ್ನು ಸಂಘ ಭರಿಸಲಿ. ಆ ಅವಧಿ ಮುಗಿದ ಮೇಲೆ 1 ಲಕ್ಷ ರೂಪಾಯಿ ಮೀರಿದ ಸಾಲದ ಟಿಪ್ಪಣಿಗೆ ಪ್ರಮಾಣಪತ್ರ ಇಲ್ಲದವರ ಸಹಿ ನಡೆಯಬಾರದು. ಆಡಳಿತ ಮಂಡಳಿಯ ನಿರ್ದೇಶಕರು ಆ ಟಿಪ್ಪಣಿಗೆ ವಿರುದ್ಧವಾಗಿ ಸಾಲ ಮಂಜೂರು ಮಾಡಿದರೆ ಕಾರಣವನ್ನು ಠರಾವಿನಲ್ಲಿ ಬರೆಯಬೇಕು. ಈ ಕೊನೆಯ ಮಾತು ಅತಿ ಮುಖ್ಯ, ಏಕೆಂದರೆ ಓದಿದ ಅಧಿಕಾರಿಯ ಕೈ ಕಟ್ಟಿಹಾಕುವುದು ಹೆಚ್ಚಾಗಿ ಆ ಕೋಣೆಯಲ್ಲೇ.

ಜೊತೆಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ತನ್ನ ಸಾಲ ವಿಭಾಗದ ಪ್ರಶ್ನೆಪತ್ರಿಕೆಗಳನ್ನು ಕನ್ನಡದಲ್ಲೂ ಕೊಡಲಿ. ಡಿಆರ್‌ಎಗೆ ಸಾಧ್ಯವಾದದ್ದು ಇದಕ್ಕೂ ಸಾಧ್ಯ.

ಅಲ್ಲಿಯವರೆಗೆ ಒಂದು ಕೆಲಸ ನಾಳೆಯೇ ಆಗಬಹುದು. ಮೂರೂ ಜಿಲ್ಲೆಗಳಲ್ಲಿ ಲೀಡ್ ಬ್ಯಾಂಕಿನ ತ್ರೈಮಾಸಿಕ ಸಭೆಗೆ ಬ್ಯಾಂಕುವಾರು ಠೇವಣಿ, ಸಾಲ, ಸುಸ್ತಿಯ ಅಂಕಿ ಬರುತ್ತದೆ. ಅದೇ ತಖ್ತೆಗೆ ಸಾಲದ ಟಿಪ್ಪಣಿ ಬರೆಯುವವರು ಎಷ್ಟು ಮಂದಿ, ಅವರಲ್ಲಿ ಯಾವ ಪ್ರಮಾಣಪತ್ರ ಎಷ್ಟು ಮಂದಿಗಿದೆ ಎಂಬ ಎರಡು ಕಾಲಂ ಸೇರಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಜಿಲ್ಲಾಡಳಿತದ ಒಂದು ಪತ್ರ ಸಾಕು.

ಇತಿ,
ಸಾಲ ವಿಭಾಗದ ಕೆಲವು ನಿವೃತ್ತ ಬ್ಯಾಂಕ್ ಮತ್ತು ಸಹಕಾರ ನೌಕರರು
ಕಲಬುರಗಿ