ಗೊತ್ತೇ ಆಗಲ್ಲ ಅಂತ ಬರೆದಿದ್ದೀಯಲ್ಲ

ಪುಟ್ಟೀ,

ನಿನ್ನ ಮೇಲ್ ಓದಿದೆ. ಹೊಸ ಟೀಮು, ಮನೆ ಬದಲಾಯಿಸಿದ್ದು, ಅದೆಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಾಳೆ, ಮತ್ತೆ ಎತ್ತುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ನಾನು ಬರೆದ ಕೋಡ್‌ನಿಂದ ಯಾರಿಗಾದರೂ ಅನ್ಯಾಯ ಆದರೆ ನನಗೆ ಗೊತ್ತೇ ಆಗಲ್ಲ, ಅಲ್ವಾ ದೊಡ್ಡಮ್ಮ" ಅಂತ, ಅದು ನನ್ನನ್ನು ಬಿಡುತ್ತಿಲ್ಲ. ಪಕ್ಕದಲ್ಲಿ ನಗುವ ಮುಖ ಬೇರೆ ಹಾಕಿದ್ದೀಯ. ನನಗೆ ನಗು ಬರಲಿಲ್ಲ.

ಹೌದು, ಗೊತ್ತಾಗುವುದಿಲ್ಲ. ಸಮಾಧಾನಕ್ಕೆ ಬೇರೆ ಏನಾದರೂ ಹೇಳಬಹುದಿತ್ತು, ಆದರೆ ನಿನ್ನ ಹತ್ತಿರ ಅಂಥ ಮಾತು ಆಡಿ ನನಗೆ ಅಭ್ಯಾಸವಿಲ್ಲ. ಅರ್ಜಿ ಹಾಕಿದವರಲ್ಲಿ ಯಾರ ಮೇಲೆ ಅನುಮಾನ ಪಡಬೇಕು ಅಂತ ಆರಿಸಿಕೊಡುವ ಪ್ರೋಗ್ರಾಂ ನಿನ್ನದು. ಅದು ಒಬ್ಬರನ್ನು ತಪ್ಪಾಗಿ ಹಿಡಿದರೆ ಅವರಿಗೆ ಒಂದು ಪತ್ರ ಹೋಗುತ್ತದೆ. ಅವರು ಅತ್ತರೋ, ಬೈದರೋ, ಓಡಾಡಿ ಸುಸ್ತಾಗಿ ಬಿಟ್ಟುಬಿಟ್ಟರೋ, ಯಾವುದೂ ನಿನ್ನ ಸ್ಕ್ರೀನಿಗೆ ಬರುವುದಿಲ್ಲ. ಸುಮ್ಮನಾದವರೆಲ್ಲ ಲೆಕ್ಕದಲ್ಲಿ ತಪ್ಪು ಒಪ್ಪಿಕೊಂಡವರ ಹಾಗೆ ಕಾಣುತ್ತಾರೆ. ನಿಮ್ಮ ಮ್ಯಾನೇಜರ್ "ನಮ್ಮಲ್ಲಿ ತಪ್ಪು ತುಂಬಾ ಕಮ್ಮಿ" ಅಂದರಂತೆ. ಇರಬಹುದು. ದೂರು ಕೊಟ್ಟವರನ್ನು ಮಾತ್ರ ಎಣಿಸಿದ್ದಾರಾ, ಕೊಡಲಾಗದೆ ಹೋದವರನ್ನೂ ಸೇರಿಸಿದ್ದಾರಾ?

ಬ್ರಿಟನ್ನಿನ ಅಂಚೆ ಕಚೇರಿಗಳ ಕತೆ ನೀನು ಕೇಳಿರಬಹುದು. ನಿನ್ನ ಸಾಲು ಓದಿದ ಕೂಡಲೇ ನನಗೆ ನೆನಪಾದದ್ದು ಅದೇ. 1999ರಿಂದ ಅಲ್ಲಿ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಂತು, ಫುಜಿತ್ಸು ಕಂಪನಿಯದ್ದು. ಲೆಕ್ಕ ಮುಗಿಸುವ ಹೊತ್ತಿಗೆ ಹಣ ಕಮ್ಮಿ ತೋರಿಸುತ್ತಿತ್ತು. ದೋಷ ಪ್ರೋಗ್ರಾಂನಲ್ಲಿತ್ತು. ಆದರೆ ಕರಾರಿನ ಪ್ರಕಾರ ಕಮ್ಮಿ ಬಿದ್ದದ್ದನ್ನು ಅಂಚೆ ಕಚೇರಿ ನಡೆಸುವವರೇ ತುಂಬಬೇಕು ಅಂತ ಅಂಚೆ ಸಂಸ್ಥೆ ಪಟ್ಟು ಹಿಡಿಯಿತು. ತುಂಬಿದರು, ಸಾಲ ಮಾಡಿ ತುಂಬಿದರು, ಆಮೇಲೆ ಕಳ್ಳರು ಅನ್ನಿಸಿಕೊಂಡರು. 2015ರವರೆಗೆ 900ಕ್ಕೂ ಜಾಸ್ತಿ ಜನಕ್ಕೆ ಕಳ್ಳತನ, ಸುಳ್ಳು ಲೆಕ್ಕ ಅಂತ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು. ಕೆಲವರು ಬದುಕೇ ಬೇಡ ಅಂದುಕೊಂಡರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಅಂತ ಅಲ್ಲಿನ ಕೋರ್ಟುಗಳು ಮೊದಲೇ ಒಪ್ಪಿಕೊಂಡು ಶುರು ಮಾಡುತ್ತಿದ್ದವು, ಇಲ್ಲ ಅನ್ನುವವರೇ ಅದನ್ನು ತೋರಿಸಬೇಕಿತ್ತು.

ಈ ಕತೆಯಲ್ಲಿ ನನಗೆ ನಿದ್ದೆ ಕೆಡಿಸುವುದು ಜೈಲಿಗಿಂತ ಜಾಸ್ತಿ ಒಂದು ಸಣ್ಣ ಸಂಗತಿ. ಸಹಾಯವಾಣಿಗೆ ಫೋನ್ ಮಾಡಿದ ಎಷ್ಟೋ ಜನಕ್ಕೆ ಸಿಕ್ಕ ಉತ್ತರ ಒಂದೇ: ಈ ತೊಂದರೆ ನಿಮಗೊಬ್ಬರಿಗೇ ಆಗಿರುವುದು. ಒಬ್ಬೊಬ್ಬರೂ ತಾನೊಬ್ಬನೇ, ತಾನೊಬ್ಬಳೇ ಅಂದುಕೊಂಡು ವರ್ಷಗಟ್ಟಲೆ ಒಳಗೊಳಗೇ ಬೆಂದರು. ನೋಡು, ನಿನಗೆ ಗೊತ್ತಾಗುವುದಿಲ್ಲ, ಅವರಿಗೆ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಮಧ್ಯದಲ್ಲಿ ಕೂತವರಿಗೆ ಗೊತ್ತಿರುತ್ತದೆ, ಅವರು ಹೇಳುವುದಿಲ್ಲ. ಕೊನೆಗೆ ಅಲನ್ ಬೇಟ್ಸ್ ಅನ್ನುವವರ ಮುಂದಾಳತ್ವದಲ್ಲಿ 555 ಜನ ಒಟ್ಟಾಗಿ ಕೋರ್ಟಿಗೆ ಹೋದರು. ಸಾಫ್ಟ್‌ವೇರಿನಲ್ಲಿ ದೋಷ ಇತ್ತು ಅಂತ 2019ರಲ್ಲಿ ತೀರ್ಪು ಬಂತು. ಶಿಕ್ಷೆಗಳನ್ನು ಒಟ್ಟಿಗೆ ಅಳಿಸಿಹಾಕಲು 2024ರಲ್ಲಿ ಹೊಸ ಕಾನೂನೇ ಮಾಡಬೇಕಾಯಿತು. ಅಷ್ಟರಲ್ಲಿ ಎಷ್ಟು ಜನ ಮುದುಕರಾದರು, ಎಷ್ಟು ಜನ ಹೋಗಿಯೇಬಿಟ್ಟರು.

ನನ್ನ ಕಾಲದ್ದೂ ಒಂದಿಷ್ಟು ಹೇಳುತ್ತೇನೆ, ನಿಮ್ಮಮ್ಮನಿಗೂ ಇದು ಗೊತ್ತಿಲ್ಲ. ಪಿಂಚಣಿಯ ಲೆಡ್ಜರುಗಳನ್ನು ಕಂಪ್ಯೂಟರಿಗೆ ಹಾಕಿದ ಕಾಲ. ನಮ್ಮ ಯಂತ್ರದ ಕೋಣೆ ಮೇಲಿನ ಮಹಡಿಯಲ್ಲಿತ್ತು. ಯಂತ್ರಕ್ಕೆ ತಂಪು ಬೇಕು, ಧೂಳು ಬರಬಾರದು, ಅದರ ಪುಣ್ಯದಿಂದ ನಮಗೂ ತಂಪು. ಎರಡು ಪುಸ್ತಕಗಳಲ್ಲಿ ಹೆಸರು ಬೇರೆ ಬೇರೆ ಥರ ಬರೆದಿದ್ದರೆ, ಹುಟ್ಟಿದ ತಾರೀಖು ತಾಳೆ ಆಗದಿದ್ದರೆ, ಪ್ರೋಗ್ರಾಂ ಅಂಥವರನ್ನು ಬೇರೆ ಪಟ್ಟಿಗೆ ಹಾಕುತ್ತಿತ್ತು. ರಿಜೆಕ್ಟ್ ಲಿಸ್ಟ್ ಅಂತಿದ್ದೆವು. ಹಾಕಬೇಕಾದದ್ದೇ, ಅದರಲ್ಲಿ ತಪ್ಪೇನಿಲ್ಲ. ಕೆಳಗೆ ಕೌಂಟರಿನಲ್ಲಿ ಕೂತ ಹಳೆಯ ಗುಮಾಸ್ತರೊಬ್ಬರು ಆ ಪಟ್ಟಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. "ಮೇಡಂ, ಈ ಅಜ್ಜಿ ನನಗೆ ಗೊತ್ತು, ಬದುಕಿದ್ದಾರೆ, ಈಗಷ್ಟೇ ಕೆಳಗೆ ನಿಂತಿದ್ದಾರೆ" ಅನ್ನುತ್ತಿದ್ದರು. ದಾಖಲೆ ಸರಿ ಮಾಡಿಸಿಕೊಂಡು ಬರಲಿ ಅಂತ ನಾನು ಹೇಳಿ ಕಳಿಸುತ್ತಿದ್ದೆ. ನಿಯಮ ಹಾಗೇ ಇತ್ತು. ಸ್ವಲ್ಪ ಕಾಲದ ಮೇಲೆ ಅವರು ಬರುವುದು ನಿಲ್ಲಿಸಿದರು. ಕೌಂಟರಿನಲ್ಲಿ ಎಲ್ಲ ಸರಿಹೋಯಿತು ಅಂದುಕೊಂಡೆ. ಸರಿಹೋಗಿತ್ತೋ, ಅವರಿಗೆ ಬೇಸರ ಬಂದಿತ್ತೋ, ಇವತ್ತಿಗೂ ನನಗೆ ತಿಳಿಯದು. ಒಂದು ಸಲವಾದರೂ ಕೆಳಗೆ ಇಳಿದು ಆ ಸಾಲಿನ ಪಕ್ಕ ನಿಲ್ಲಬಹುದಿತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲ. ಇಳಿಯಲಿಲ್ಲ. ಅದಕ್ಕೇ ನಿನ್ನ ಸಾಲು ಇಷ್ಟು ಚುಚ್ಚಿದ್ದು.

ನನ್ನದು ಒಂದೇ ಮಹಡಿಯ ದೂರ. ನಿನ್ನದು ಎಷ್ಟು ದೇಶಗಳ ದೂರವೋ. ಕೋಡ್ ಬರೆದವರು ಒಂದು ಕಡೆ, ಸರ್ವರ್ ಇನ್ನೊಂದು ಕಡೆ, ಪತ್ರ ಪಡೆದವರು ಮತ್ತೆಲ್ಲೋ, ಅವರ ಭಾಷೆ ನಿಮ್ಮ ಟೀಮಿನಲ್ಲಿ ಒಬ್ಬರಿಗೂ ಬಾರದು. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ಮೇಲೆ ಫೇಸ್‌ಬುಕ್‌ನಲ್ಲಿ ದ್ವೇಷ ಹರಡಿದಾಗ ಬರ್ಮೀಸ್ ಓದಬಲ್ಲವರು ಆ ಕಂಪನಿಯಲ್ಲಿ ತೀರಾ ಕಮ್ಮಿ ಇದ್ದರು. ಹಿಂಸೆಗೆ ಕುಮ್ಮಕ್ಕು ಸಿಗದ ಹಾಗೆ ತಡೆಯಲು ನಾವು ಸಾಕಷ್ಟು ಮಾಡಲಿಲ್ಲ ಅಂತ 2018ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಅಲ್ಲಿ ಕೂತು ಕೋಡ್ ಬರೆದ ಹುಡುಗ ಹುಡುಗಿಯರು ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೂ ಗೊತ್ತಾಗಲಿಲ್ಲ, ಅಷ್ಟೇ. ಅಷ್ಟೇ ಅನ್ನುವುದಕ್ಕೂ ಮನಸ್ಸು ಬರುವುದಿಲ್ಲ.

ಹೊಸ ಎಐ ಬಂದಮೇಲೆ ಎಲ್ಲ ಹದಗೆಟ್ಟಿತು ಅನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಅಂತ ಒಂದು ವ್ಯವಸ್ಥೆ ಇತ್ತಲ್ಲ, ಅದರಲ್ಲಿ ಬುದ್ಧಿವಂತಿಕೆ ಏನೂ ಇರಲಿಲ್ಲ. ವರ್ಷದ ಆದಾಯವನ್ನು 26ರಿಂದ ಭಾಗಿಸಿ ಎರಡೆರಡು ವಾರಕ್ಕೆ ಸಮನಾಗಿ ಹಂಚಿತು. ಆರು ತಿಂಗಳು ದುಡಿದು, ಉಳಿದ ಆರು ತಿಂಗಳು ಕೆಲಸವಿಲ್ಲದೆ ಸರಕಾರದ ನೆರವು ಪಡೆದವರು ವರ್ಷಪೂರ್ತಿ ದುಡಿದವರಂತೆ ಕಂಡರು. ಹೆಚ್ಚು ಪಡೆದಿದ್ದೀರಿ, ವಾಪಸ್ ಕೊಡಿ ಅಂತ ನಾಲ್ಕು ಲಕ್ಷಕ್ಕೂ ಜಾಸ್ತಿ ಜನರ ತಲೆಗೆ ಸಾಲ ಕಟ್ಟಿದರು. ಇಲ್ಲ ಅಂದರೆ ಹಳೆಯ ಸಂಬಳದ ಚೀಟಿ ನೀವೇ ಹುಡುಕಿ ತನ್ನಿ ಅಂದರು. ಭಾಗಾಕಾರ ಸರಿಯಾಗೇ ಇತ್ತು. ಟೆಸ್ಟ್ ಮಾಡಿದ್ದರೆ ಪಾಸಾಗುತ್ತಿತ್ತು. ಇದು ಒರಟು, ಕ್ರೂರ, ನ್ಯಾಯವೂ ಅಲ್ಲ, ಕಾನೂನಿಗೂ ಸರಿ ಇರಲಿಲ್ಲ ಅಂತ 2023ರಲ್ಲಿ ಅಲ್ಲಿನ ವಿಚಾರಣಾ ಆಯೋಗ ಹೇಳಿತು. ಇದೇ ನನ್ನ ಭಯ ಪುಟ್ಟೀ, ನೀನು ಒಂದೂ ಬಗ್ ಇಲ್ಲದ ಕೋಡ್ ಬರೆದು, ಅಚ್ಚುಕಟ್ಟಾಗಿ ಬರೆದು, ಶಭಾಷ್ ಅನ್ನಿಸಿಕೊಂಡು ಮನೆಗೆ ಬರುವುದು, ಆಮೇಲೂ ಅದು ಒಬ್ಬರನ್ನು ಮುಗಿಸಿಬಿಡುವುದು.

ಏನು ಮಾಡಲಿ ಅಂತ ನೀನು ಕೇಳಿಲ್ಲ. ಕೇಳದೆ ಹೇಳುವ ಚಟ ನನ್ನದು, ಬೈಕೋಬೇಡ. ಸಾಧ್ಯವಾದರೆ ದೂರಿನ ಫೋನ್ ತೆಗೆದುಕೊಳ್ಳುವವರ ಪಕ್ಕ ಒಂದು ದಿನ ಕೂತು ಬಾ. ಥೆರಾಕ್-25 ಅನ್ನುವ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಅತಿಯಾದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಹಾಗಾಗಲು ಸಾಧ್ಯವೇ ಇಲ್ಲ ಅಂತ ಕಂಪನಿ ಹೇಳುತ್ತಿತ್ತು. ಟೆಕ್ಸಾಸಿನ ಒಂದು ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುವ ಆಪರೇಟರ್ ಕೀಬೋರ್ಡಿನ ಮುಂದೆ ಕೂತು, ಅನಾಹುತ ಆದ ದಿನ ಒತ್ತಿದ ಕೀಗಳನ್ನೇ ಮತ್ತೆ ಮತ್ತೆ ಒತ್ತಿ ದೋಷವನ್ನು ಹಿಡಿದರು. ಬೇಗ ಬೇಗ ಟೈಪ್ ಮಾಡಿ ತಿದ್ದಿದರೆ ಮಾತ್ರ ಆಗುವ ದೋಷ ಅದು. ದಿನಾ ಬಳಸುವವರ ಕೈಗೆ ಮಾತ್ರ ಸಿಗುವಂಥದ್ದು.

ಇನ್ನೊಂದು, ಮೀಟಿಂಗಿನಲ್ಲಿ ಬಾಯಲ್ಲಿ ಹೇಳಿದ್ದನ್ನು ಆಮೇಲೆ ಮೇಲ್‌ನಲ್ಲೂ ಹಾಕು. ಜಗಳಕ್ಕೆ ಹೋಗಬೇಕಂತಿಲ್ಲ. "ಈ ಭಾಗ ನನಗೆ ಸರಿ ಕಾಣುತ್ತಿಲ್ಲ, ಕಾರಣ ಇದು" ಅಂತ ಎರಡು ಸಾಲು ಸಾಕು. ಅಂಚೆ ಕಚೇರಿಯ ಕತೆಯಲ್ಲಿ ಫುಜಿತ್ಸು ಕಂಪನಿಯ ಹಳೆಯ ಎಂಜಿನಿಯರ್ ರಿಚರ್ಡ್ ರೋಲ್ ಅನ್ನುವವರು, ಹೊರಗಿನಿಂದಲೇ ಕಚೇರಿಯ ಲೆಕ್ಕದೊಳಗೆ ಕೈ ಹಾಕಲು ಆಗುತ್ತಿತ್ತು ಅಂತ 2015ರಲ್ಲಿ ಟಿವಿಯಲ್ಲಿ ಹೇಳಿದರು, ಮುಂದೆ ಕೋರ್ಟಿನಲ್ಲೂ ಹೇಳಿದರು. ಆಗುವುದೇ ಇಲ್ಲ ಅಂತ ಅಂಚೆ ಸಂಸ್ಥೆ ವಾದಿಸುತ್ತಿದ್ದ ಕಾಲ ಅದು. ನೀನೂ ಹಾಗೆ ಮಾಡು ಅನ್ನುತ್ತಿಲ್ಲ. ಸಾಲದ ಕಂತು ಕಟ್ಟುವವಳು ನೀನು, ನಾನಲ್ಲ, ಇಲ್ಲಿ ಕೂತು ಧೈರ್ಯದ ಮಾತಾಡುವುದು ಸುಲಭ. ಕೆಲಸ ಬಿಡಬೇಕು ಅಂತಲೂ ಅಲ್ಲ. ಹೀಗೆ ಹೆದರುವವರು ಬಿಟ್ಟು ಹೋದರೆ ಆ ಕುರ್ಚಿಗೆ ಹೆದರದವರು ಬರುತ್ತಾರೆ ಅಂತ ನನಗೆ ಅನ್ನಿಸುತ್ತದೆ, ತಪ್ಪೂ ಇರಬಹುದು.

ಯಂತ್ರ ಅನುಮಾನ ಪಟ್ಟವರನ್ನು ಕೊನೆಗೆ ಒಬ್ಬ ಮನುಷ್ಯ ನೋಡುತ್ತಾನಾ, ನೋಡಿ "ಇದು ತಪ್ಪು" ಅನ್ನುವ ಅಧಿಕಾರ ಅವನಿಗೆ ಇದೆಯಾ, ಸುಮ್ನೆ ಒಂದು ಬಟನ್ ಒತ್ತಿ ಮುಂದೆ ಕಳಿಸುತ್ತಾನಾ? ಇದನ್ನು ಒಮ್ಮೆ ವಿಚಾರಿಸು. ಯುರೋಪಿನಲ್ಲಿ 2018ರಿಂದ ಜಾರಿಗೆ ಬಂದ ಕಾನೂನಿನಲ್ಲಿ, ದೊಡ್ಡ ವಿಷಯಗಳನ್ನು ಯಂತ್ರವೊಂದೇ ತೀರ್ಮಾನಿಸಿದಾಗ ಮನುಷ್ಯರೊಬ್ಬರು ನೋಡಲಿ ಅಂತ ಕೇಳುವ ಹಕ್ಕಿದೆ. ನಿಮ್ಮ ಪತ್ರ ಪಡೆದವರು ಹಾಗೆ ಕೇಳಬೇಕೆಂದರೆ ಯಾರನ್ನು ಕೇಳಬೇಕು?

ಆ ಪತ್ರದ ನಮೂನೆಯನ್ನು ನೀನು ಓದಿದ್ದೀಯಾ? ಬಹುಶಃ ಅದನ್ನು ಬರೆದಿದ್ದು ಬೇರೆ ಟೀಮು. ಹುಡುಕಿ ಓದು. ನನಗೆ ಕಳಿಸುವುದು ಬೇಡ, ಆಫೀಸಿನ ನಿಯಮ ಇರುತ್ತದೆ. ಅದರಲ್ಲಿ ಕಾರಣ ಅಂತ ಏನಾದರೂ ಬರೆದಿರುತ್ತಾರಾ, ಫೋನ್ ನಂಬರ್ ಕೊಟ್ಟಿರುತ್ತಾರಾ, ಆ ನಂಬರಿಗೆ ಯಾರಾದರೂ ಉತ್ತರ ಕೊಡುತ್ತಾರಾ, ಅಷ್ಟು ತಿಳಿದುಕೊಂಡು ಬರೆ.

ನಿನ್ನ
ದೊಡ್ಡಮ್ಮ